ಮಾತಿನ ನೆಲೆಯನ್ನು ಅರಸಿದ ವೈದ್ಯ: ಪಾಲ್ ಬ್ರೋಕಾ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಆಡಬಾರದ ಮಾತನ್ನು ಆಡಿ ಕೆಟ್ಟವರನ್ನು ಕುರಿತು ಹುಟ್ಟಿದ ಗಾದೆಯಿದು. ಆದರೆ ಆಡುವುದಕ್ಕೆ ಮುಂಚೆಯೇ ಮಾತು ಹೊರಟುಹೋದವರ ಪಾಡೇನು? ನಿನ್ನೆಯ ರಾತ್ರಿ ಮನೆಮಂದಿಯೊಡನೆ ಉಂಡು, ಹರಟೆಹೊಡೆದು ಮಲಗಿದ ಮನುಷ್ಯನು ಬೆಳಗ್ಗೆ ಎದ್ದಾಗ ಬಲಗೈಯನ್ನು ಎತ್ತಲಾರ, ಮಗನನ್ನು ಹೆಸರುಹಿಡಿದು ಕೂಗಲಾರ. ಪಾರ್ಶ್ವವಾಯುವಿನ ಈ ಹೊಡೆತವನ್ನು ನಮ್ಮ ಜನ ಲಕ್ವ ಎನ್ನುತ್ತಾರೆ, ಮಾತು ಬಿದ್ದುಹೋಯಿತು ಎನ್ನುತ್ತಾರೆ. ಹೀಗೆ ಬಿದ್ದುಹೋದ ಮಾತನ್ನು ಮರಳಿ ಎತ್ತಿಕೊಳ್ಳಲು ರೋಗಿಗೆ ನೆರವಾಗುವುದೇ ನನ್ನ ಕಸುಬು. ಹಲವು ವರ್ಷಗಳಿಂದ ಆಸ್ಪತ್ರೆಯೊಂದರಲ್ಲಿ ವಾಕ್ ಚಿಕಿತ್ಸಕಿಯಾಗಿ ಕೆಲಸಮಾಡುತ್ತಿದ್ದೇನೆ.

ಈ ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ನನ್ನ ಕೆಲಸದ ವಿವರಗಳನ್ನೇ ಪಟ್ಟಿಮಾಡುವುದಕ್ಕಿಂತ, ಆ ಕೆಲಸಕ್ಕೆ ಬುನಾದಿಯ ಕಲ್ಲನ್ನಿಟ್ಟವರಲ್ಲಿ ಒಬ್ಬನಾದ ಪಾಲ್ ಬ್ರೋಕಾನ ಜೀವನವನ್ನು ಹೇಳುವುದು ಲೇಸೆಂದು ತೋರಿತು. ವೈದ್ಯಗ್ರಂಥಗಳಲ್ಲಿ ಬ್ರೋಕಾ ಎಂದರೆ ಮೆದುಳಿನ ಒಂದು ಭಾಗದ ಹೆಸರು. ಎಡಗಡೆಯ ಮುಂಭಾಗದಲ್ಲಿರುವ ಒಂದು ಮಡಿಕೆಯನ್ನು ಬ್ರೋಕಾನ ಕ್ಷೇತ್ರವೆಂದು ಇಂದಿಗೂ ಕರೆಯುತ್ತಾರೆ. ಪರೀಕ್ಷೆಗೆ ಓದುವವರು ಅಷ್ಟನ್ನು ಬಾಯಿಪಾಠ ಮಾಡಿ ಮುಂದಕ್ಕೆ ಹೋಗುತ್ತಾರೆ. ಆದರೆ ಆ ಮಡಿಕೆ ಕಣ್ಣಿಗೆ ಬೀಳುವುದಕ್ಕೆ ಮುಂಚೆ ಆತನು ರೋಗಿಯ ಹಾಸಿಗೆಯ ಬಳಿ ನಿಂತು ಮಾಡಿದ ಒಂದು ಸಣ್ಣ ಕೆಲಸವಿದೆ. ಆಸ್ಪತ್ರೆಯಲ್ಲಿ ದುಡಿಯುವ ನಮಗೆ ಅದೇ ಹೆಚ್ಚಿನದು. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಫ್ರಾನ್ಸಿನ ನೈಋತ್ಯ ಭಾಗದಲ್ಲಿ, ಬೋರ್ದೊ ನಗರಕ್ಕೆ ಪೂರ್ವದಲ್ಲಿ, ದೋರ್ದೋನ್ ನದಿಯ ದಂಡೆಯ ಮೇಲೆ ಸೇಂತ್ ಫ್ವಾ ಲ ಗ್ರಾಂದ್ ಎಂಬ ಸಣ್ಣ ಊರಿದೆ. ಬ್ರೋಕಾ ಅಲ್ಲಿ 1824ನೆಯ ಇಸವಿ ಜೂನ್ 28ರಂದು ಹುಟ್ಟಿದನು. ತಂದೆ ವೈದ್ಯ. ನೆಪೋಲಿಯನ್ನನ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದು, ಆಮೇಲೆ ಊರಿನಲ್ಲಿ ನೆಲೆಸಿದವನು. ತಾಯಿ ಪ್ರಾಟೆಸ್ಟೆಂಟ್ ಬೋಧಕರೊಬ್ಬರ ಮಗಳು. ಬಹುಸಂಖ್ಯಾತ ಕ್ಯಾಥೊಲಿಕ್ಕರ ನಾಡಿನಲ್ಲಿ ಪ್ರಾಟೆಸ್ಟೆಂಟ್ ಮನೆತನಗಳು ಹಿಂದೆ ಬಹಳ ಕಷ್ಟಗಳನ್ನು ಕಂಡಿದ್ದವು. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ, ದೊಡ್ಡವರು ಹೇಳಿದರೆಂಬ ಒಂದೇ ಕಾರಣಕ್ಕೆ ಯಾವುದನ್ನೂ ನಂಬಬಾರದೆಂಬ ಸ್ವಭಾವ ಬಂದುದರಲ್ಲಿ ಆಶ್ಚರ್ಯವಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಆತನು ಪ್ಯಾರಿಸ್ಸಿನ ವೈದ್ಯಶಾಲೆಯನ್ನು ಸೇರಿದನು. ಅಂಗರಚನೆಯಲ್ಲಿಯೂ ಶಸ್ತ್ರಚಿಕಿತ್ಸೆಯಲ್ಲಿಯೂ ಬೇಗನೆ ಹೆಸರುಮಾಡಿದನು. ಸೂಕ್ಷ್ಮದರ್ಶಕವನ್ನು ಇನ್ನೂ ಹಲವು ಹಿರಿಯ ವೈದ್ಯರು ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ ಅದರ ಕೆಳಗೆ ಅರ್ಬುದರೋಗದ ಗಡ್ಡೆಗಳನ್ನಿಟ್ಟು ಪರೀಕ್ಷಿಸಿ, ರೋಗವು ರಕ್ತನಾಳಗಳ ಮೂಲಕವೂ ಹರಡುವುದೆಂದು ತೋರಿಸಿದನು. ರಕ್ತನಾಳಗಳು ಉಬ್ಬುವ ರೋಗವನ್ನು ಕುರಿತು 1856ರಲ್ಲಿ ದೊಡ್ಡ ಗ್ರಂಥವೊಂದನ್ನು ಬರೆದನು. 1857ರಲ್ಲಿ ವೈದ್ಯ ಲ್ಯುಗೋಲ್‌ನ ಮಗಳನ್ನು ಮದುವೆಯಾದನು. ಅಯೋಡಿನ್ನಿನ ದ್ರಾವಣವೊಂದಕ್ಕೆ ಇಂದಿಗೂ ಆ ಮಾವನ ಹೆಸರೇ ಇದೆ. ಮುಂದೆ ಬ್ರೋಕಾನ ಇಬ್ಬರು ಗಂಡುಮಕ್ಕಳೂ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು.

ಇಷ್ಟೇ ಆಗಿದ್ದರೆ ಆತನು ಪ್ಯಾರಿಸ್ಸಿನ ಹಲವು ಒಳ್ಳೆಯ ಶಸ್ತ್ರವೈದ್ಯರಲ್ಲಿ ಒಬ್ಬನಾಗಿ ಉಳಿಯುತ್ತಿದ್ದನು. ಆದರೆ ಮನುಷ್ಯನ ವಿಷಯವನ್ನು ಎಲ್ಲ ಕಡೆಯಿಂದಲೂ ತಿಳಿಯಬೇಕೆಂಬ ಹಂಬಲದಿಂದ ಆತನು 1859ರಲ್ಲಿ ಕೆಲವು ಗೆಳೆಯರೊಡನೆ ಪ್ಯಾರಿಸ್ಸಿನ ಮಾನವಶಾಸ್ತ್ರ ಸಂಘವನ್ನು ಸ್ಥಾಪಿಸಿದನು. ಅದು ಮೂರನೆಯ ನೆಪೋಲಿಯನ್ನನ ಆಳ್ವಿಕೆ. ಮನುಷ್ಯನ ಮೂಲವನ್ನು ಚರ್ಚಿಸುವ ಸಂಘವೆಂದರೆ ರಾಜ್ಯಕ್ಕೂ ಧರ್ಮಕ್ಕೂ ಅಪಾಯವೆಂದು ಸರ್ಕಾರ ಶಂಕಿಸಿತು. ಬಹಳ ಅಲೆದಾಟದ ಮೇಲೆ ಅನುಮತಿ ದೊರೆತರೂ, ಪ್ರತಿಯೊಂದು ಸಭೆಯಲ್ಲಿಯೂ ಪೊಲೀಸಿನವನೊಬ್ಬನು ಕುಳಿತಿರಬೇಕೆಂಬ ಷರತ್ತಿತ್ತು. ತಲೆಬುರುಡೆಗಳ ಅಳತೆಯನ್ನು ಕೇಳುತ್ತ ತೂಕಡಿಸುತ್ತಿದ್ದಿರಬಹುದಾದ ಆ ಬಡ ಪೊಲೀಸಿನವನನ್ನು ನೆನೆದರೆ ನಗು ಬರುತ್ತದೆ.

ಆ ಸಂಘದಲ್ಲಿ 1861ರ ವಸಂತಕಾಲದಲ್ಲಿ ಒಂದು ದೊಡ್ಡ ವಾದ ನಡೆಯುತ್ತಿತ್ತು. ಮೆದುಳು ಇಡಿಯಾಗಿ ಕೆಲಸಮಾಡುತ್ತದೆಯೋ, ಅಥವಾ ಒಂದೊಂದು ಕೆಲಸಕ್ಕೆ ಒಂದೊಂದು ಸ್ಥಾನವಿದೆಯೋ ಎಂಬುದೇ ಆ ವಾದ. ಅದಕ್ಕೆ ಅರ್ಧ ಶತಮಾನದ ಹಿಂದೆ ಗಾಲ್ ಎಂಬ ವೈದ್ಯನು ತಲೆಬುರುಡೆಯ ಉಬ್ಬುತಗ್ಗುಗಳನ್ನು ಮುಟ್ಟಿನೋಡಿ ಮನುಷ್ಯನ ಗುಣಗಳನ್ನು ಹೇಳಬಹುದೆಂದು ಸಾರಿದ್ದನು. ಅದು ಕೊನೆಗೆ ಜಾತ್ರೆಯ ಕಣಿ ಹೇಳುವವರ ಮಟ್ಟಕ್ಕೆ ಇಳಿಯಿತು. ಫ್ಲೂರಾಂಸ್ ಎಂಬ ವಿಜ್ಞಾನಿಯು ಪ್ರಾಣಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, ದೊಡ್ಡ ಮೆದುಳು ಒಂದೇ ಅಂಗದಂತೆ ವರ್ತಿಸುವುದೆಂದು ವಾದಿಸಿದನು. ಪ್ರಾಣಿಗಳಿಗೆ ಮಾತಿಲ್ಲವೆಂಬುದನ್ನು ಮಾತ್ರ ಆ ಪ್ರಯೋಗಗಳು ಗಣಿಸಿರಲಿಲ್ಲ. ಬೂಯೊ ಎಂಬ ಹಿರಿಯ ವೈದ್ಯನಾದರೋ, ಮಾತಿನ ನೆಲೆ ಮೆದುಳಿನ ಮುಂಭಾಗದಲ್ಲಿಯೇ ಇದೆಯೆಂದು ಹಠಹಿಡಿದಿದ್ದನು. ಮುಂಭಾಗ ಪೂರ್ಣವಾಗಿ ಕೆಟ್ಟಿದ್ದರೂ ಮಾತು ಉಳಿದ ಒಬ್ಬ ರೋಗಿಯನ್ನು ತೋರಿಸಿದವರಿಗೆ 500 ಫ್ರಾಂಕುಗಳ ಬಹುಮಾನವನ್ನು ಕೊಡುವುದಾಗಿ 1848ರಲ್ಲಿ ಪಣವನ್ನೊಡ್ಡಿದ್ದನು. ಬೂಯೊನ ಅಳಿಯ ಓಬರ್ತಾಂ ಈಗ ಸಂಘದ ಸಭೆಯಲ್ಲಿ ಮಾವನ ಪಕ್ಷವನ್ನು ಹಿಡಿದು ವಾದಿಸುತ್ತಿದ್ದನು. ಬ್ರೋಕಾ ಎರಡು ಕಡೆಯ ಮಾತನ್ನೂ ಕೇಳುತ್ತಿದ್ದನು. ವಾದದಿಂದ ಬಗೆಹರಿಯದ್ದನ್ನು ರೋಗಿಯೊಬ್ಬನು ಬಗೆಹರಿಸಿದನು.

ಪ್ಯಾರಿಸ್ಸಿನ ದಕ್ಷಿಣಕ್ಕೆ ಬಿಸೇತ್ರ್ ಎಂಬ ದೊಡ್ಡ ಆಸ್ಪತ್ರೆಯಿದೆ. ಆ ಕಾಲದಲ್ಲಿ ಮುದುಕರು, ಹುಚ್ಚರು, ಗುಣವಾಗದ ರೋಗಿಗಳು ಎಲ್ಲರಿಗೂ ಅದು ಆಸರೆ. ಬ್ರೋಕಾ ಅಲ್ಲಿನ ಶಸ್ತ್ರವೈದ್ಯನಾಗಿದ್ದನು. 1861ರ ಏಪ್ರಿಲ್ ತಿಂಗಳಿನಲ್ಲಿ ಐವತ್ತೊಂದು ವರ್ಷದ ರೋಗಿಯೊಬ್ಬನನ್ನು ಆತನ ವಾರ್ಡಿಗೆ ಹೊತ್ತುತಂದರು. ಬಲಗಾಲು ಪೂರ್ತಿಯಾಗಿ ಕೊಳೆತುಹೋಗಿತ್ತು. ಅವನ ಹೆಸರು ಲೆಬೋರ್ನ್. ಆದರೆ ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ತಾನ್ ಎಂದು. ಏನು ಕೇಳಿದರೂ ಅವನ ಬಾಯಿಂದ ಹೊರಡುತ್ತಿದ್ದುದು ಅದೊಂದೇ ಸದ್ದು, ಸಾಮಾನ್ಯವಾಗಿ ಎರಡು ಸಲ, ತಾನ್ ತಾನ್ ಎಂದು. ಅದಕ್ಕೆ ಫ್ರೆಂಚಿನಲ್ಲಿ ಅವನು ಉದ್ದೇಶಿಸಿದ ಅರ್ಥವೇನೂ ಇರಲಿಲ್ಲ. ಕನ್ನಡದ ಕಿವಿಗೆ ಮಾತ್ರ ಅದು, ಒಳಗಿರುವ ಮನುಷ್ಯನು ತಾನು, ತಾನು ಎಂದು ಬಾಗಿಲು ತಟ್ಟಿದಂತೆ ಕೇಳಿಸುತ್ತದೆ.

ಲೆಬೋರ್ನ್ ಚಿಕ್ಕಂದಿನಿಂದ ಮೂರ್ಛೆರೋಗದಿಂದ ನರಳುತ್ತಿದ್ದವನು. ಹಾಗಿದ್ದರೂ ಪಾದರಕ್ಷೆಗಳಿಗೆ ಮರದ ಅಚ್ಚು ಮಾಡುವ ಕಸುಬಿನಿಂದ ಹೊಟ್ಟೆಹೊರೆದುಕೊಂಡಿದ್ದನು. ಮೂವತ್ತನೆಯ ವಯಸ್ಸಿನ ಸುಮಾರಿಗೆ ಮಾತು ನಿಂತುಹೋಯಿತು. ಎರಡು ಮೂರು ತಿಂಗಳಾದ ಮೇಲೆ ಬಿಸೇತ್ರಿಗೆ ಸೇರಿಸಿದರು. ಅಲ್ಲಿಂದ 21 ವರ್ಷ ಅವನು ಹೊರಗೆ ಬರಲಿಲ್ಲ. ಹತ್ತು ವರ್ಷ ಕಳೆಯುವ ಹೊತ್ತಿಗೆ ಬಲಗೈ ಬಿದ್ದಿತು. ಆಮೇಲೆ ಬಲಗಾಲೂ ಬಿದ್ದು, ಕೊನೆಯ ಏಳು ವರ್ಷ ಹಾಸಿಗೆಯೇ ಗತಿಯಾಯಿತು. ಜೊತೆಯ ರೋಗಿಗಳಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಸಿಡುಕ, ಹಗೆಸಾಧಿಸುವವನು, ಕಳ್ಳ ಎಂದೂ ಹೇಳುತ್ತಿದ್ದರು. ಇಪ್ಪತ್ತೊಂದು ವರ್ಷ ತನ್ನ ಮನಸ್ಸಿನದನ್ನು ಒಂದು ಸಲವೂ ಹೇಳಲಾಗದವನು ಸಿಡುಕನಾಗದೆ ಮತ್ತೇನಾದಾನು!

ಕಾಲನ್ನು ನೋಡಲು ಬಂದ ಶಸ್ತ್ರವೈದ್ಯನು ಕಾಲನ್ನಷ್ಟೇ ನೋಡಿ ಹೋಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಸಾಯುತ್ತಿರುವ ರೋಗಿ, ಅದರಲ್ಲಿಯೂ ಮಾತಿಲ್ಲದವನು. ಆದರೆ ಬ್ರೋಕಾ ಅವನ ಪಕ್ಕದಲ್ಲಿ ನಿಂತು ಪ್ರಶ್ನೆಗಳನ್ನು ಕೇಳಿದನು, ಉತ್ತರಕ್ಕಾಗಿ ಕಾದನು. ನಾನು ಮೊದಲು ಹೇಳಿದ ಸಣ್ಣ ಕೆಲಸ ಇದೇ. ಬಿಸೇತ್ರಿಗೆ ಬಂದು ಎಷ್ಟು ವರ್ಷವಾಯಿತೆಂದು ಕೇಳಿದಾಗ ಲೆಬೋರ್ನ್ ಎಡಗೈಯ ಐದು ಬೆರಳುಗಳನ್ನೂ ನಾಲ್ಕು ಸಲ ಬಿಚ್ಚಿ ತೋರಿಸಿ, ಕೊನೆಗೆ ಒಂದು ಬೆರಳನ್ನು ಎತ್ತಿದನು. ಇಪ್ಪತ್ತೊಂದು. ಲೆಕ್ಕ ಸರಿಯಾಗಿತ್ತು. ಮರುದಿನ ಅದನ್ನೇ ಕೇಳಿದಾಗ ಅದೇ ಉತ್ತರ ಬಂದಿತು. ಮೂರನೆಯ ಸಲ ಕೇಳಿದಾಗ, ಇವರು ತನ್ನನ್ನು ಪರೀಕ್ಷಿಸುತ್ತಿದ್ದಾರೆಂದು ಅವನಿಗೆ ಹೊಳೆದುಹೋಯಿತು. ಸಿಟ್ಟಿಗೆದ್ದು ಒಂದು ಬೈಗುಳವನ್ನು ಸ್ಪಷ್ಟವಾಗಿ ಉಚ್ಚರಿಸಿದನು! ತಾನ್ ಎಂಬುದನ್ನು ಬಿಟ್ಟರೆ ಅವನ ಬಾಯಿಂದ ಹೊರಡುತ್ತಿದ್ದುದು ಕೋಪದಲ್ಲಿ ಬರುವ ಆ ಬೈಗುಳವೊಂದೇ. ಪರೀಕ್ಷೆಗೆ ಒಳಗಾದ ಅವಮಾನವನ್ನು ಅರಿತು ಕೋಪಿಸಿಕೊಳ್ಳುವವನು ದಡ್ಡನಲ್ಲ. ಗಡಿಯಾರವನ್ನು ನೋಡಿ ಹೊತ್ತನ್ನೂ ಅವನು ಸರಿಯಾಗಿ ತಿಳಿಸುತ್ತಿದ್ದನು. ನಾಲಗೆ ಆಡುತ್ತಿತ್ತು, ಗಂಟಲಿನಲ್ಲಿ ಧ್ವನಿಯಿತ್ತು, ಬುದ್ಧಿಯಿತ್ತು. ಇವುಗಳ ನಡುವೆ ಯಾವುದೋ ಒಂದು ಕೊಂಡಿ ಕಳಚಿತ್ತು.

ಬ್ರೋಕಾ ಓಬರ್ತಾಂನನ್ನು ಕರೆಸಿ ರೋಗಿಯನ್ನು ತೋರಿಸಿದನು. ಮುಂಭಾಗ ಕೆಟ್ಟಿರಲೇಬೇಕೆಂದು ಅವನೂ ಒಪ್ಪಿದನು. ಏಪ್ರಿಲ್ 17ರಂದು ಲೆಬೋರ್ನ್ ತೀರಿಕೊಂಡನು. ಶವಪರೀಕ್ಷೆಯಲ್ಲಿ ಮೆದುಳಿನ ಎಡಗಡೆಯ ಮುಂಭಾಗದಲ್ಲಿ, ಕೋಳಿಮೊಟ್ಟೆ ಹಿಡಿಸುವಷ್ಟು ದೊಡ್ಡ ಕುಳಿ ಕಂಡುಬಂದಿತು. ಮರುದಿನವೇ ಬ್ರೋಕಾ ಆ ಮೆದುಳನ್ನು ಸಂಘದ ಸಭೆಯ ಮುಂದಿಟ್ಟನು. ಅದನ್ನು ಹೋಳುಮಾಡದೆ ಇಡಿಯಾಗಿ ಮದ್ಯಸಾರದಲ್ಲಿ ಕಾದಿಟ್ಟದ್ದು ಆತನ ದೂರದೃಷ್ಟಿ. ಅದರ ಫಲವನ್ನು ಮುಂದೆ ಹೇಳುತ್ತೇನೆ.

ಒಂದು ನಿದರ್ಶನದಿಂದ ಸಿದ್ಧಾಂತವನ್ನು ಕಟ್ಟಬಾರದೆಂದು ಬ್ರೋಕಾ ಕಾದನು. ಅದೇ ವರ್ಷದ ಅಕ್ಟೋಬರಿನಲ್ಲಿ ಲೆಲಾಂಗ್ ಎಂಬ 84 ವರ್ಷದ ಮುದುಕನು ತೊಡೆಯ ಮೂಳೆ ಮುರಿದು ಅದೇ ವಾರ್ಡಿಗೆ ಬಂದನು. ಮಣ್ಣು ಅಗೆಯುವ ಕೂಲಿಯಾಗಿದ್ದವನು. ಒಂದೂವರೆ ವರ್ಷದ ಹಿಂದೆ ಮಾತು ಬಿದ್ದುಹೋಗಿ ಐದೇ ಪದಗಳು ಉಳಿದಿದ್ದವು. ಹೌದು ಎಂಬುದೊಂದು, ಇಲ್ಲ ಎಂಬುದೊಂದು, ಯಾವಾಗಲೂ ಎಂಬುದೊಂದು, ತನ್ನ ಹೆಸರಿನ ಮುರುಕು ಒಂದು, ಮತ್ತು ಮೂರು ಎಂಬ ಸಂಖ್ಯೆಯ ಒಡಕು ರೂಪವೊಂದು. ಯಾವ ಸಂಖ್ಯೆಯನ್ನು ಹೇಳಬೇಕಾದರೂ ಅವನು ಮೂರು ಎಂದೇ ಹೇಳುವನು. ಕೇಳುವವನು ಬಾಯನ್ನಷ್ಟೇ ನಂಬಿದರೆ ಮುದುಕನಿಗೆ ಅರಳುಮರುಳೆಂದು ಬರೆದುಕೊಳ್ಳಬೇಕು. ಬ್ರೋಕಾ ಅವನ ಕೈಗಳ ಕಡೆಗೂ ನೋಡಿದನು. ಮಕ್ಕಳೆಷ್ಟೆಂದು ಕೇಳಿದರೆ ಬಾಯಿ ಮೂರು ಎನ್ನುತ್ತಿತ್ತು, ಬೆರಳುಗಳು ನಾಲ್ಕನ್ನು ತೋರಿಸುತ್ತಿದ್ದವು. ಬೆರಳುಗಳು ಹೇಳಿದ್ದೇ ನಿಜ. ಕೆಲವು ದಿನಗಳಲ್ಲಿ ಮುದುಕನು ಸತ್ತನು. ಅವನ ಮೆದುಳಿನಲ್ಲಿಯೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಹುಣ್ಣಿತ್ತು.

ಈ ಸ್ಥಿತಿಗೆ ಬ್ರೋಕಾ ಒಂದು ಹೆಸರನ್ನು ಕೊಟ್ಟಿದ್ದನು. ಆದರೆ 1864ರಲ್ಲಿ ಟ್ರೂಸೊ ಎಂಬ ವೈದ್ಯನು ಸೂಚಿಸಿದ ಅಫೇಸಿಯ ಎಂಬ ಪದವೇ ನಿಂತಿತು. ನಿದರ್ಶನಗಳು ಕೂಡುತ್ತ ಬಂದಂತೆ ಇನ್ನೊಂದು ವಿಚಿತ್ರ ಕಣ್ಣಿಗೆ ಬಿದ್ದಿತು. 1863ರ ಹೊತ್ತಿಗೆ ಸೇರಿದ ಎಂಟು ನಿದರ್ಶನಗಳಲ್ಲಿಯೂ ಕೆಟ್ಟಿದ್ದುದು ಮೆದುಳಿನ ಎಡಗಡೆಯೇ! ಎರಡು ಕಣ್ಣುಗಳಂತೆ, ಎರಡು ಮೂತ್ರಪಿಂಡಗಳಂತೆ, ಮೆದುಳಿನ ಎರಡು ಪಾರ್ಶ್ವಗಳೂ ಒಂದೇ ಕೆಲಸವನ್ನು ಮಾಡುವುವೆಂದು ಎಲ್ಲರೂ ನಂಬಿದ್ದ ಕಾಲವದು. ಬ್ರೋಕಾ ಅವಸರಪಡಲಿಲ್ಲ. ಇನ್ನೆರಡು ವರ್ಷ ಸಾಕ್ಷ್ಯಗಳನ್ನು ಕೂಡಿಹಾಕಿ 1865ರಲ್ಲಿ, ಮಾತಿನ ಕೆಲಸವನ್ನು ಸಾಮಾನ್ಯವಾಗಿ ಎಡ ಮೆದುಳೇ ನಡೆಸುವುದೆಂದು ಪ್ರಕಟಿಸಿದನು.

ಇಲ್ಲಿ ಒಂದು ತಕರಾರು ಎದ್ದಿತು. ಮಾರ್ಕ್ ದಾಕ್ಸ್ ಎಂಬ ಹಳ್ಳಿಯ ಕಡೆಯ ವೈದ್ಯನು ಇದೇ ವಿಷಯವನ್ನು 1836ರಲ್ಲಿಯೇ ಕಂಡು ಬರೆದಿದ್ದನೆಂದು ಅವನ ಮಗ ವಾದಿಸಿದನು. ಆ ಬರಹ ಅಚ್ಚಾಗಿರಲಿಲ್ಲ. ಮೋಂಪೆಲಿಯೆ ನಗರದ ಸಭೆಯೊಂದರಲ್ಲಿ ಅದನ್ನು ಓದಿದ್ದರೆನ್ನಲಾಗಿತ್ತು. ಬ್ರೋಕಾ ಅಲ್ಲಿ ವಿಚಾರಿಸಿಸಿದರೂ ಅದರ ಗುರುತು ಸಿಕ್ಕಲಿಲ್ಲ. ಇಂದು ಚರಿತ್ರಕಾರರು ಎಡ ಮೆದುಳಿನ ವಿಷಯದಲ್ಲಿ ದಾಕ್ಸನ ಹೆಸರನ್ನೂ ಬ್ರೋಕಾನ ಹೆಸರಿನೊಡನೆ ಹೇಳುತ್ತಾರೆ. ದೊಡ್ಡ ನಗರದ ದೊಡ್ಡ ಸಂಘಕ್ಕೆ ಕೇಳಿಸದೆ ಹೋದ ಒಂದು ಸಣ್ಣ ಊರಿನ ಧ್ವನಿಯದು.

1865ರ ಆ ಬರಹದಲ್ಲಿ ಇನ್ನೂ ಒಂದು ಸಂಗತಿಯಿದೆ. ಪಠ್ಯಪುಸ್ತಕಗಳಲ್ಲಿ ಅದು ಅಪರೂಪವಾಗಿ ಕಾಣಿಸುತ್ತದೆ. ಎಡಗಡೆ ಕೆಟ್ಟ ಮಾತ್ರಕ್ಕೆ ಮಾತು ಶಾಶ್ವತವಾಗಿ ಹೋಗಬೇಕೇ ಎಂದು ಬ್ರೋಕಾ ಅಲ್ಲಿ ಯೋಚಿಸುತ್ತಾನೆ. ಆ ಭಾಗ ಹುಟ್ಟಿನಿಂದಲೇ ಬೆಳೆಯದಿದ್ದರೂ ಮಾತು ಕಲಿತಿದ್ದ ಹೆಂಗಸೊಬ್ಬಳ ನಿದರ್ಶನ ಆತನ ಮುಂದಿತ್ತು. ಹಾಗಾದರೆ ಬಲಗಡೆಗೂ ಕಲಿಯುವ ಶಕ್ತಿಯಿದೆ, ಅದಕ್ಕೆ ಕಲಿಸಬೇಕು. ಆತನು ತಾನೇ ರೋಗಿಯೊಬ್ಬನಿಗೆ ಅಕ್ಷರಗಳಿಂದ ಮೊದಲುಗೊಂಡು ಪಾಠ ಹೇಳಿನೋಡಿದನು. ಸ್ವಲ್ಪ ಗುಣ ಕಂಡಿತು. ಆದರೆ ವಾರ್ಡು ಸುತ್ತುವ ವೈದ್ಯನಿಗೆ ದಿನಕ್ಕೆ ದೊರೆಯುವುದು ಕೆಲವು ನಿಮಿಷ ಮಾತ್ರ. ಮಗುವಿಗೆ ಮಾತು ಕಲಿಸುವ ತಾಯಿಯ ದಣಿವರಿಯದ ತಾಳ್ಮೆಯಿಂದ ಯಾರಾದರೂ ಈ ರೋಗಿಗಳೊಡನೆ ಕುಳಿತರೆ ಫಲ ಸಿಕ್ಕೀತೆಂಬುದು ಆತನ ಅಭಿಪ್ರಾಯವಾಗಿತ್ತು. ಅಂಥ ಕಸುಬಿನವರು ಆಗ ಆಸ್ಪತ್ರೆಗಳಲ್ಲಿ ಇರಲಿಲ್ಲ. ಆತನು ಖಾಲಿ ಬಿಟ್ಟ ಆ ಸ್ಟೂಲಿನ ಮೇಲೆ ಇಂದು ನಾವು ಕುಳಿತಿದ್ದೇವೆ.

ನಮ್ಮ ಕೆಲಸ ಹೇಗೆ ನಡೆಯುವುದೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬಹುದು. ಲಕ್ವ ಹೊಡೆದ ರೋಗಿ ಬಂದಾಗ ನಾವು ಮೊದಲು ನೋಡುವುದು ಮಾತನ್ನಲ್ಲ, ನುಂಗುವುದನ್ನು. ಗಂಟಲಿನ ಹಿಡಿತ ತಪ್ಪಿದವನಿಗೆ ಮನೆಯವರು ಪ್ರೀತಿಯಿಂದ ಕುಡಿಸಿದ ಒಂದು ಲೋಟ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಬರಬಹುದು. ಆಮೇಲೆ ಮಾತಿನ ಪರೀಕ್ಷೆ. ಕೇಳಿದ್ದು ತಿಳಿಯುತ್ತದೆಯೇ, ಹೇಳಿದ್ದನ್ನು ಮತ್ತೆ ಹೇಳಬಲ್ಲನೇ, ತೋರಿಸಿದ ವಸ್ತುವಿನ ಹೆಸರು ಬರುತ್ತದೆಯೇ, ಓದುಬರಹ ಎಷ್ಟು ಉಳಿದಿದೆ ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ ನೋಡುತ್ತೇವೆ. ಲೋಟ ಎಂಬ ಹೆಸರು ಬಾರದವನು ಒಂದು, ಎರಡು, ಮೂರು ಎಂದು ಹತ್ತರವರೆಗೆ ಸರಾಗವಾಗಿ ಎಣಿಸಿಬಿಡುತ್ತಾನೆ. ಮಗಳ ಹೆಸರನ್ನು ಹೇಳಲಾರದ ತಾಯಿ ಹಳೆಯ ದೇವರನಾಮವೊಂದನ್ನು ಪದಗಳ ಸಮೇತ ಹಾಡುವುದುಂಟು. ಲೆಬೋರ್ನನ ಬೈಗುಳವೂ ಇದೇ ಜಾತಿಯದು. ರೂಢಿಯಿಂದ ತಾನೇ ಹರಿದುಬರುವ ನುಡಿಗೂ, ಯೋಚಿಸಿ ಕಟ್ಟುವ ನುಡಿಗೂ ಇರುವ ವ್ಯತ್ಯಾಸವನ್ನು ಲಂಡನ್ನಿನ ವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ವಿವರಿಸಿದ್ದಾನೆ. ಹಾಡಿನ ಆ ಹರಿವನ್ನೇ ಹಿಡಿದು ಮಾತಿನ ಕಡೆಗೆ ಸ್ವಲ್ಪಸ್ವಲ್ಪವಾಗಿ ತಿರುಗಿಸುವ ಚಿಕಿತ್ಸೆಯೂ ಇದೆ.

ಒಬ್ಬ ಹಿರಿಯರು ನಮ್ಮಲ್ಲಿಗೆ ಬಂದಿದ್ದರು. ಸಂತೆಗಳಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದವರು. ಅವರಿಗೆ ಉಳಿದಿದ್ದುದು ಆಯ್ತು ಎಂಬ ಒಂದೇ ಪದ. ನೀರು ಬೇಕೇ ಎಂದರೂ ಆಯ್ತು, ನೋವಿದೆಯೇ ಎಂದರೂ ಆಯ್ತು. ತಾನ್ ಎಂಬುದಕ್ಕೆ ಅರ್ಥವಿರಲಿಲ್ಲವಾದ್ದರಿಂದ ಅದು ಯಾರನ್ನೂ ಮೋಸಗೊಳಿಸಲಿಲ್ಲ. ಆಯ್ತು ಎಂಬುದಕ್ಕಾದರೋ ಅರ್ಥವಿದೆ, ಅಪಾಯವಿರುವುದೇ ಅಲ್ಲಿ. ಆಸ್ಪತ್ರೆಯ ಖರ್ಚಿಗೆಂದು ಕಾಲುವೆಯ ಕೆಳಗಿನ ಗದ್ದೆಯನ್ನು ಮಾರುವ ಮಾತನ್ನು ಮಕ್ಕಳು ಅವರ ಮುಂದೆ ಎತ್ತಿದ್ದರು. ಯಜಮಾನರು ಆಯ್ತು ಎಂದಿದ್ದರು. ಮಕ್ಕಳು ಕೆಟ್ಟವರಲ್ಲ, ತಂದೆಯನ್ನು ಉಳಿಸಿಕೊಳ್ಳಬೇಕೆಂದು ಓಡಾಡುತ್ತಿದ್ದವರು. ನಾನು ಯಜಮಾನರಿಗೆ ಬೇಕೆಂದೇ ಬೇರೊಬ್ಬರ ಹೆಸರನ್ನು ಹೇಳಿ, ನಿಮ್ಮ ಹೆಸರು ಇದೇ ಅಲ್ಲವೇ ಎಂದು ಕೇಳಿದೆ. ಬಾಯಿ ಆಯ್ತು ಎಂದಿತು, ತಲೆ ಅಡ್ಡಡ್ಡ ಆಡಿತು. ಬಾಯಿಗಿಂತ ತಲೆಯನ್ನು ನಂಬಬೇಕೆಂದು ಗೊತ್ತಾಯಿತು. ನಾಲ್ಕಾರು ದಿನ ಹೌದು, ಅಲ್ಲ ಎಂಬುದಕ್ಕೆ ಗುರುತಿನ ಚೀಟಿಗಳನ್ನಿಟ್ಟು ಅಭ್ಯಾಸಮಾಡಿಸಿ, ಉತ್ತರಗಳು ತಪ್ಪದೆ ಬರುತ್ತಿವೆಯೆಂದು ಖಚಿತವಾದ ಮೇಲೆ, ಮಕ್ಕಳ ಎದುರಿಗೇ ಗದ್ದೆಯ ವಿಷಯವನ್ನು ಮತ್ತೆ ಕೇಳಲು ಹೇಳಿದೆ. ಯಜಮಾನರು ಎಡಗೈಯನ್ನು ಅಲ್ಲ ಎಂಬ ಚೀಟಿಯ ಮೇಲಿಟ್ಟು, ತೆಗೆಯಲೇ ಇಲ್ಲ. ಹಿರಿಯ ಮಗನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದನು. ಗದ್ದೆ ಮಾರುವುದು ಸರಿಯೋ ತಪ್ಪೋ ಹೇಳುವುದು ನನ್ನ ಕೆಲಸವಲ್ಲ. ಗದ್ದೆಯ ಒಡೆಯನನ್ನು ಕೇಳಬೇಕೆಂಬುದು, ಕೇಳುವ ದಾರಿಯನ್ನು ಕಂಡುಹಿಡಿಯಬೇಕೆಂಬುದು ಮಾತ್ರ ನನ್ನ ಕೆಲಸ.

ಬ್ರೋಕಾನನ್ನು ಇಷ್ಟು ಹೊಗಳಿದ ಮೇಲೆ ಆತನ ಇನ್ನೊಂದು ಮುಖವನ್ನು ಮುಚ್ಚಿಡುವುದು ನ್ಯಾಯವಲ್ಲ. ಆತನು ಬದುಕಿನ ಬಹುಭಾಗವನ್ನು ತಲೆಬುರುಡೆಗಳನ್ನು ಅಳೆಯುವುದರಲ್ಲಿ, ಮೆದುಳುಗಳನ್ನು ತೂಗುವುದರಲ್ಲಿ ಕಳೆದನು. ಮೆದುಳಿನ ಗಾತ್ರಕ್ಕೂ ಬುದ್ಧಿಗೂ ಸಂಬಂಧವಿದೆಯೆಂದು ನಂಬಿ, ಜನಾಂಗಗಳಲ್ಲಿ ಮೇಲುಕೀಳುಗಳನ್ನು ಎಣಿಸಿದನು. ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಸತ್ತ 292 ಗಂಡಸರ ಮೆದುಳಿನ ಸರಾಸರಿ ತೂಕ 1325 ಗ್ರಾಂ, 140 ಹೆಂಗಸರದು 1144 ಗ್ರಾಂ ಎಂದು ಲೆಕ್ಕಹಾಕಿದನು. ಹೆಂಗಸರ ದೇಹ ಚಿಕ್ಕದೆಂಬುದನ್ನು ಬಲ್ಲವನಾದರೂ, ವ್ಯತ್ಯಾಸದಲ್ಲಿ ಒಂದು ಪಾಲಿಗೆ ಬುದ್ಧಿಯ ಕೊರತೆಯೇ ಕಾರಣವೆಂದನು. ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಆ ಅಂಕಿಗಳನ್ನೇ ತೆಗೆದುಕೊಂಡು ಎತ್ತರ, ವಯಸ್ಸುಗಳನ್ನು ಗಣಿಸಿದಾಗ ವ್ಯತ್ಯಾಸ ಬಹಳವಾಗಿ ಕುಗ್ಗಿತು. ತಕ್ಕಡಿ ಸುಳ್ಳು ಹೇಳಿರಲಿಲ್ಲ, ತೂಗುವವನ ಮನಸ್ಸಿನಲ್ಲಿ ತೀರ್ಪು ಮೊದಲೇ ಸಿದ್ಧವಾಗಿತ್ತು. ಹೆಂಗಸಾದ ನಾನು ಆ ಅಂಕಿಗಳನ್ನು ಓದಿ ನಕ್ಕಿದ್ದೇನೆ. ಆದರೆ ಇಂಥ ಅಂಕಿಗಳ ಹೆಸರಿನಲ್ಲಿ ಜನಾಂಗಗಳನ್ನೇ ತುಳಿದುದನ್ನು ನೆನೆದಾಗ ನಗು ಬರುವುದಿಲ್ಲ.

ಒಬ್ಬನೇ ಮನುಷ್ಯನು ಒಂದು ಕಡೆ ಅಷ್ಟು ಸರಿ, ಇನ್ನೊಂದು ಕಡೆ ಅಷ್ಟು ತಪ್ಪು ಹೇಗಾದನು? ನನಗೆ ತೋಚುವುದಿಷ್ಟು. ಲೆಬೋರ್ನನ ಬಳಿ ಆತನು ಪ್ರಶ್ನೆಯನ್ನು ಕೇಳಿ ಉತ್ತರಕ್ಕೆ ಕಾದನು. ಆ ಉತ್ತರ ಬಂದುದು ಬೆರಳಿನಿಂದ, ಬೈಗುಳದಿಂದ. ಬಂದಂತೆ ಅದನ್ನು ಸ್ವೀಕರಿಸಿದನು. ಬುರುಡೆಗಳ ಬಳಿ ಕೇಳುವ ಪ್ರಶ್ನೆಯೇ ಇರಲಿಲ್ಲ, ಅವು ಮರುಮಾತಾಡವು. ಸುಮ್ಮನಿರುವವರ ವಿಷಯದಲ್ಲಿ ನಮಗೆ ಬೇಕಾದುದನ್ನು ಹೇಳಿಕೊಳ್ಳುವುದು ಬಹಳ ಸುಲಭ. ಆಸ್ಪತ್ರೆಯಲ್ಲಿ ನಾನು ದಿನವೂ ಕಾಣುವ ಅಪಾಯವೂ ಇದೇ.

ಬ್ರೋಕಾ 1872ರಲ್ಲಿ ಮಾನವಶಾಸ್ತ್ರದ ಪತ್ರಿಕೆಯೊಂದನ್ನೂ, 1876ರಲ್ಲಿ ಅದರ ವಿದ್ಯಾಶಾಲೆಯೊಂದನ್ನೂ ತೆರೆದನು. ಒಂದು ಕಾಲದಲ್ಲಿ ಪೊಲೀಸರ ಕಾವಲಿನಲ್ಲಿ ಸಭೆ ನಡೆಸಿದವನನ್ನು 1880ರಲ್ಲಿ ಗಣರಾಜ್ಯವು ಸೆನೆಟ್ಟಿನ ಆಜೀವ ಸದಸ್ಯನನ್ನಾಗಿ ಮಾಡಿ ಗೌರವಿಸಿತು. ಆ ಗೌರವವನ್ನು ಹೆಚ್ಚು ದಿನ ಅನುಭವಿಸುವ ಯೋಗವಿರಲಿಲ್ಲ. ಅದೇ ವರ್ಷದ ಜುಲೈ 9ರಂದು, 56ನೆಯ ವಯಸ್ಸಿನಲ್ಲಿ, ಹಠಾತ್ತಾಗಿ ತೀರಿಕೊಂಡನು. ಮುಂದೆ ಕಟ್ಟಿದ ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಆತನದೂ ಒಂದು. ಇತರರ ಮೆದುಳುಗಳನ್ನು ತೂಗಿದವನ ಮೆದುಳನ್ನೂ ತೂಗಿದರು. 1424 ಗ್ರಾಂ ಬಂದಿತು. ಸರಾಸರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಆತನ ತರುವಾಯ ವಿದ್ಯೆ ಬಹಳ ಮುಂದುವರಿದಿದೆ. 1874ರಲ್ಲಿ ಜರ್ಮನಿಯ ವೆರ್ನಿಕೆ ಎಂಬ 26 ವರ್ಷದ ವೈದ್ಯನು ಇನ್ನೊಂದು ಬಗೆಯ ಅಫೇಸಿಯವನ್ನು ವರ್ಣಿಸಿದನು. ಅದರಲ್ಲಿ ಮಾತು ಧಾರಾಳವಾಗಿ ಹರಿಯುತ್ತದೆ, ಆದರೆ ಅರ್ಥ ಕೂಡುವುದಿಲ್ಲ, ಕೇಳಿದ್ದೂ ತಿಳಿಯುವುದಿಲ್ಲ. ಆದ್ದರಿಂದ ಮಾತು ಹೋದವರಿಗೆಲ್ಲ ತಿಳಿವಳಿಕೆ ಪೂರ್ತಿಯಾಗಿ ಉಳಿದಿದೆಯೆಂದು ಹೇಳುವುದೂ ತಪ್ಪು. ಬ್ರೋಕಾನ ಬಗೆಯ ರೋಗಿಗಳಿಗೂ ಉದ್ದವಾದ, ತೊಡಕಾದ ವಾಕ್ಯಗಳು ತಿಳಿಯದಿರಬಹುದು. ಎಷ್ಟು ಉಳಿದಿದೆಯೆಂದು ಪ್ರತಿಯೊಬ್ಬನಲ್ಲಿಯೂ ಪರೀಕ್ಷಿಸಿಯೇ ತಿಳಿಯಬೇಕು. ಇಡಿಯಾಗಿ ಕಾದಿಟ್ಟಿದ್ದ ಲೆಬೋರ್ನನ ಮೆದುಳನ್ನು 2007ರಲ್ಲಿ ಎಂ.ಆರ್.ಐ. ಯಂತ್ರದಲ್ಲಿಟ್ಟು ನೋಡಿದಾಗ, ಹುಣ್ಣು ಬ್ರೋಕಾ ಕಂಡ ಮೇಲ್ಮೈಯಲ್ಲಿ ಮಾತ್ರವಲ್ಲದೆ ಬಹಳ ಆಳಕ್ಕೆ ಇಳಿದಿರುವುದು ತಿಳಿಯಿತು. ಮಾತಿನ ನೆಲೆ ಒಂದು ಮಡಿಕೆಯಲ್ಲ, ಹಲವು ಭಾಗಗಳನ್ನು ಕೂಡಿಸುವ ದಾರಿಗಳ ಒಂದು ಬಲೆ ಎಂಬುದು ಇಂದಿನ ಅಭಿಪ್ರಾಯ.

ಒಂದೂವರೆ ಶತಮಾನ ಬರಿಯ ತಾನ್ ಆಗಿದ್ದವನಿಗೂ ತನ್ನ ಹೆಸರು ಮರಳಿ ದೊರೆಯಿತು. ಹಳೆಯ ದಾಖಲೆಗಳನ್ನು ಕೆದಕಿದ ಸಂಶೋಧಕರೊಬ್ಬರು 2013ರಲ್ಲಿ, ಅವನು ಲೂಯಿ ವಿಕ್ತೋರ್ ಲೆಬೋರ್ನ್ ಎಂದೂ, 1809ರಲ್ಲಿ ಮೋರೆ ಎಂಬ ಊರಿನಲ್ಲಿ ಹುಟ್ಟಿದವನೆಂದೂ ಪ್ರಕಟಿಸಿದರು. ಆ ಊರಿನಲ್ಲಿ ಚರ್ಮ ಹದಮಾಡಲು ಮರದ ತೊಗಟೆಯನ್ನು ಅರೆಯುವ ಗಿರಣಿಗಳಿದ್ದವು. ಆ ತೊಗಟೆಯ ಪುಡಿಗೆ ಫ್ರೆಂಚಿನಲ್ಲಿ ತಾನ್ ಎಂದೇ ಹೆಸರು. ನುಡಿಯೆಲ್ಲ ಹೋದ ಮೇಲೂ ಬಾಲ್ಯದ ಊರಿನ ಒಂದು ಪದ ನಾಲಗೆಗೆ ಅಂಟಿಕೊಂಡಿತ್ತೋ ಏನೋ ಎಂಬುದು ಆ ಸಂಶೋಧಕರ ಊಹೆ. ಊಹೆಯಾದರೂ ಮನಸ್ಸನ್ನು ಕಲಕುವಂಥದು.

ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಸ್ಥಾಪಿತವಾದ ಮೇಲೆ, ಅಲ್ಲಿ ಕಲಿತವರು ದೇಶದ ನಾನಾ ಭಾಗಗಳಲ್ಲಿಯೂ ಹೊರದೇಶಗಳಲ್ಲಿಯೂ ಕೆಲಸಮಾಡುತ್ತಿದ್ದಾರೆ. ಆದರೂ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಮಾತು ಬಿದ್ದವರಿಗೆ ಬುದ್ಧಿಯೂ ಹೋಯಿತೆಂದೇ ತಿಳಿಯುತ್ತಾರೆ. ಮೂಲೆಯ ಮಂಚದಲ್ಲಿ ಅವರು ಮಲಗಿರುವಾಗಲೇ ಅವರ ಔಷಧದ ಖರ್ಚು, ಅವರ ಪಾಲು, ಕೆಲವೊಮ್ಮೆ ಅವರ ಸಾವು, ಎಲ್ಲವನ್ನೂ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಾರೆ.

ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿ ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರು ವೈದ್ಯರಾಗಲಿಕ್ಕಿಲ್ಲ. ಆದರೆ ಯಾರ ಮನೆಗೂ ಈ ರೋಗ ಬರಬಹುದು. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ಗಳಿಗೆಯನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲ ಕೆಲವು ಗಂಟೆಗಳಲ್ಲಿ ಆಗುವ ಉಪಕಾರ ಆಮೇಲೆ ಆಗದು. ನುಂಗಬಲ್ಲರೇ ಎಂಬುದು ಗೊತ್ತಾಗುವವರೆಗೆ ಬಾಯಿಗೆ ಏನನ್ನೂ ಹಾಕಬೇಡಿ. ಅಪಾಯ ಕಳೆದು ಮನೆಗೆ ಬಂದ ಮೇಲೆ ಅವರ ಎದುರಿಗೆ ಕುಳಿತು, ಕೂಗಾಡದೆ, ಒಂದು ಸಲಕ್ಕೆ ಒಂದೇ ಪ್ರಶ್ನೆಯನ್ನು ಸಣ್ಣ ಮಾತಿನಲ್ಲಿ ಕೇಳಿರಿ. ಬಾಯಿ ಹೇಳಿದ್ದನ್ನಷ್ಟೇ ನಂಬದೆ ಕಣ್ಣನ್ನೂ ಕೈಯನ್ನೂ ನೋಡಿರಿ. ಎಲ್ಲಕ್ಕಿಂತ ಹೆಚ್ಚಾಗಿ, ಉತ್ತರ ಬರುವವರೆಗೆ ಕಾಯಿರಿ. ಇದಕ್ಕೆ ಔಷಧವೂ ಬೇಡ, ಹಣವೂ ಬೇಡ. ಬಿಸೇತ್ರಿನ ವಾರ್ಡಿನಲ್ಲಿ ಬ್ರೋಕಾ ಮೊದಲು ಮಾಡಿದ್ದೂ ಅಷ್ಟೇ.